ಮಳೆ ಬಾರದ ವರ್ಷದ ನಂಬಿಕೆ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಬರ ಹೊಸದೇನಲ್ಲ ಬಿಡಿ. ಮಳೆ ಕೈಕೊಟ್ಟರೆ ಕಡ್ಲೇಕಾಯಿ ಹೋಯ್ತು, ಕುರಿಗೆ ಮೇವಿಲ್ಲ. ಪಾವಗಡದಲ್ಲಂತೂ ಕೊಳವೆಬಾವಿಯಲ್ಲಿ ಸಿಗೋ ನೀರಲ್ಲೂ ಫ್ಲೋರೈಡು!

ಇಲ್ಲಿನ ಕ್ರೈಸ್ತ ಕುಟುಂಬಗಳಿಗೆ "ಪರಲೋಕ ಇದೆ, ಸಹಿಸಿಕೊಳ್ಳಿ" ಅಂತ ಬೆಂಗಳೂರಿನ ಎಸಿಯಲ್ಲಿ ಕೂತು ಕೋಡ್ ಬರೆಯೋ ನನ್ನಂಥವರು ಹೇಳೋದು ಸುಲಭ. ಬೈಬಲ್ ಅಷ್ಟು ಸುಲಭವಾಗಿ ಹೇಳಲ್ಲ. ಪ್ರವಾದಿ ಹಬಕ್ಕೂಕ ಮೊದಲು ದೇವರ ಜೊತೆ ವಾದಕ್ಕೇ ನಿಲ್ತಾನೆ. ಕೊನೇ ಅಧ್ಯಾಯದಲ್ಲಿ ಹೊಲದಲ್ಲಿ ಬೆಳೆ ಇಲ್ಲ, ಹಟ್ಟಿಯಲ್ಲಿ ಕುರಿ ಇಲ್ಲ ಅಂತ ನಷ್ಟದ ಲೆಕ್ಕವನ್ನೆಲ್ಲ ಒಪ್ಪಿಸ್ತಾನೆ. ಆಮೇಲಷ್ಟೇ, ಆದರೂ ದೇವರಲ್ಲಿ ಆನಂದಿಸ್ತೀನಿ ಅಂತಾನೆ.

ನನಗನ್ನಿಸೋದು ಇಷ್ಟೇ. ನಿತ್ಯಜೀವದ ನಿರೀಕ್ಷೆ ಇದ್ದವರು ಇಲ್ಲಿನ ನಷ್ಟವನ್ನ ಮುಚ್ಚಿಡಬೇಕಾಗಿಲ್ಲ. ಇದೇ ಕೊನೆಯಲ್ಲ ಅನ್ನೋ ಧೈರ್ಯ ಅವರಿಗಿರುತ್ತೆ. ಆ ಧೈರ್ಯದಲ್ಲೇ ಮುಂದಿನ ಮುಂಗಾರಿಗೆ ಬಿತ್ತನೆ ಬೀಜ ಎತ್ತಿಡಬಹುದು, ಕುಡಿಯೋ ನೀರಿಗೆ ಪಂಚಾಯ್ತಿ ಬಾಗಿಲನ್ನೂ ತಟ್ಟಬಹುದು.

ಇನ್ನು ದೂರದಲ್ಲಿರೋ ನಾವು? ಕಷ್ಟದಲ್ಲಿರೋರಿಗೆ ಸಾಂತ್ವನದ ವಚನ ಕಳಿಸೋ ಮುಂಚೆ, ಸಾಲ ಎಷ್ಟಿದೆ ಅಂತ ಒಮ್ಮೆ ಕೇಳೋಣ. ಕೈಲಾದಷ್ಟು ಕೊಟ್ಟು, ಆಮೇಲೆ ವಚನ ಕಳಿಸೋಣ. ನೀವೇನಂತೀರಿ?