ಸುರಂಗದ ಲೆಕ್ಕಕ್ಕೆ ಜಾತಿ ಇಲ್ಲ, ಬಸ್ಸಿನ ಲೆಕ್ಕಕ್ಕೆ ಮಾತ್ರ ಯಾಕೆ?

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಬೇಕೋ ಬೇಡವೋ ಅಂತ ದೊಡ್ಡವರ ಜಗಳ. ಒಂದು ಕಡೆ ಡಿ.ಕೆ. ಶಿವಕುಮಾರ್, ಇನ್ನೊಂದು ಕಡೆ ತೇಜಸ್ವಿ ಸೂರ್ಯ. ಒಬ್ಬರಿಗೆ ಕಾರಿನ ಚಿಂತೆ, ಇನ್ನೊಬ್ಬರಿಗೆ ಲಾಲ್‌ಬಾಗ್ ಬಂಡೆಯ ಚಿಂತೆ. ಬಂಡೆ ಉಳೀಲಿ, ನನ್ನದೇನೂ ತಕರಾರಿಲ್ಲ. ಬಸ್ಸು, ಮೆಟ್ರೋ ಜಾಸ್ತಿ ಮಾಡಿ ಅಂತ ಸುರಂಗ ವಿರೋಧಿಸುವವರೂ ಹೇಳ್ತಾರೆ, ಸಂತೋಷ. ಆದರೆ ಆ ಬಸ್ಸು ಯಾರ ದುಡ್ಡಲ್ಲಿ ಓಡಬೇಕು, ಈಗ ಯಾರ ದುಡ್ಡಲ್ಲಿ ಓಡ್ತಿದೆ? ಇದನ್ನ ಮಾತ್ರ ಈ ಜಗಳದಲ್ಲಿ ಯಾರೂ ಎತ್ತಲ್ಲ.

ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡೋಕೂ ಜನ ಹಿಂದೆಮುಂದೆ ನೋಡ್ತಾರೆ ಅನ್ನೋ ಅರ್ಥದಲ್ಲಿ ಡಿಕೆಶಿ ಸಾಹೇಬ್ರು ಮಾತಾಡಿದ್ರು. ಸ್ವಾಮಿ, ನಮ್ಮ ಹುಡುಗರಿಗೆ ಕಾರಿದ್ರೂ ಹೆಣ್ಣು ಕೊಡಲ್ಲ, ಪ್ರೀತಿಸಿ ಮದುವೆಯಾದ್ರೆ ಕೊಂದೇ ಹಾಕ್ತಾರೆ. ಅದಿರಲಿ.

ಸುಮಾರು 17 ಕಿಲೋಮೀಟರ್ ಸುರಂಗ. ಅಂದಾಜು ವೆಚ್ಚ 17 ಸಾವಿರ ಕೋಟಿಗೂ ಮೇಲೆ. ಒಳಗೆ ಹೋಗೋಕೆ ಟೋಲ್. ಯೋಜನಾ ವರದಿ ಪ್ರಕಾರ ಬೈಕಿಗೂ ಆಟೋಗೂ ಪ್ರವೇಶ ಇಲ್ಲ. ಅಂದ್ರೆ ಊರಿನ ಅರ್ಧಕ್ಕರ್ಧ ಜನ ಬಾಗಿಲಲ್ಲೇ ಹೊರಗೆ. ಹೊರಗೆ ನಿಲ್ಲಿಸೋದು ನಮಗೇನು ಹೊಸದಲ್ಲ ಬಿಡಿ. ಖಾಸಗಿಯವರು ದುಡ್ಡು ಹಾಕ್ತಾರೆ ಅಂತೀರಿ. ಸರ್ಕಾರದ ಪಾಲು ಇಲ್ವಾ? ಒಂದು ಎಲೆಕ್ಟ್ರಿಕ್ ಬಸ್ಸಿಗೆ ಎರಡು ಕೋಟಿ ಅಂತ ಜಾಸ್ತಿಯೇ ಹಿಡೀರಿ, ಇದೇ ಮೊತ್ತಕ್ಕೆ 8 ಸಾವಿರ ಬಸ್ ಬರುತ್ತೆ. ಈಗ ಬಿಎಂಟಿಸಿ ಹತ್ರ ಇರೋದೇ 7 ಸಾವಿರದ ಆಸುಪಾಸು.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ನಾನು ಅದರ ಪರ. 2025ರ ಜುಲೈ ಹೊತ್ತಿಗೆ 500 ಕೋಟಿ ಟ್ರಿಪ್ ದಾಟಿತು. ಹೆಂಗಸರು ಬಿಟ್ಟಿ ತಿರುಗಾಡ್ತಾರೆ ಅಂತ ವಾಟ್ಸಾಪಲ್ಲಿ ಜೋಕು ಕಳಿಸಿದವರ ಮನೆಗೇ ಪಾತ್ರೆ ತೊಳೆಯೋಕೆ ಆ ಬಸ್ಸಲ್ಲಿ ಹೋಗ್ತಿರೋದು ನಮ್ಮ ಅಕ್ಕಂದಿರು. 2013ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯೂಎಸ್ ಕ್ವಾರ್ಟರ್ಸ್ ಒಡೆದು, ಎಷ್ಟೋ ಕುಟುಂಬಗಳನ್ನ ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆಗೆ ಸಾಗಹಾಕಿದ್ರಲ್ಲ, ನೆನಪಿದೆಯಾ? ಮನೆ ಅಲ್ಲಿ, ಕೆಲಸ ಕೋರಮಂಗಲದಲ್ಲಿ. ಕೋರಮಂಗಲಕ್ಕೆ ನಡ್ಕೊಂಡು ಹೋಗ್ತಿದ್ದವರನ್ನ ಬಸ್ಸಿಗೆ ಕಾಯೋ ಹಾಗೆ ಮಾಡಿದ್ದೇ ಈ ಊರು.

ಆದ್ರೆ ಶಕ್ತಿಯ ದುಡ್ಡು ಎಲ್ಲಿಂದ ಬರ್ತಿದೆ? ಬರೀ ಸಾಮಾನ್ಯ ಬೊಕ್ಕಸದಿಂದ ಅಲ್ಲ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ಅಭಿವೃದ್ಧಿ ಬಜೆಟ್ಟಿನ ಶೇ. 24.1 ಪಾಲು ಪರಿಶಿಷ್ಟರದು. ಆ ಪಾಲಿನಿಂದ 2023-24ರಲ್ಲಿ 11 ಸಾವಿರ ಕೋಟಿಗೂ ಹೆಚ್ಚು, ಮರುವರ್ಷ 14 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೋಯ್ತು. ಶಕ್ತಿಯೂ ಅದರಲ್ಲಿ ಒಂದು. ಫಲಾನುಭವಿಗಳಲ್ಲಿ ಎಸ್‌ಸಿ, ಎಸ್‌ಟಿಯವರು ಇದ್ದಾರೆ, ಅವರ ಪಾಲಿನ ಖರ್ಚು ಅಲ್ಲಿಂದ ತಗೊಂಡ್ವಿ, ಕಾಯ್ದೆಯ 7(ಸಿ) ಅದಕ್ಕೆ ಅವಕಾಶ ಕೊಡುತ್ತೆ ಅನ್ನೋದು ಸರ್ಕಾರದ ಸಮಜಾಯಿಷಿ.

ಒಂದು ಸಣ್ಣ ಪ್ರಶ್ನೆ. ಕಂಡಕ್ಟರ್ ಆಧಾರ್ ನೋಡಿ ಜೀರೋ ಟಿಕೆಟ್ ಹರಿದು ಕೊಡ್ತಾರೆ. ಆಧಾರಲ್ಲಿ ಜಾತಿ ಇಲ್ಲ, ಟಿಕೆಟಲ್ಲೂ ಇಲ್ಲ. ಹಾಗಾದ್ರೆ ಸೀಟಲ್ಲಿ ಕೂತ ಯಾವ ಹೆಂಗಸು ಮಾದಿಗಳು, ಯಾವಳು ಹೊಲೆಯಳು ಅಂತ ವಿಧಾನಸೌಧಕ್ಕೆ ಹೇಗೆ ಗೊತ್ತಾಯ್ತು? ಪಕ್ಕದ ಸೀಟಿನ ಲಿಂಗಾಯತ, ಒಕ್ಕಲಿಗ, ಬ್ರಾಹ್ಮಣ ತಾಯಂದಿರು ರಾಜ್ಯದ ಪ್ರಜೆಗಳಾಗಿ ಫ್ರೀಯಾಗಿ ಹೋಗ್ತಾರೆ, ಹೋಗಲಿ. ನಮ್ಮ ತಾಯಿ ಮಾತ್ರ ತನ್ನ ಮಗನ ಹಾಸ್ಟೆಲಿಗೆ, ಭೂಮಿಗೆ, ಬೋರ್‌ವೆಲ್‌ಗೆ ಇಟ್ಟಿದ್ದ ದುಡ್ಡು ಕೊಟ್ಟು ಹೋಗ್ಬೇಕು. ಇದಕ್ಕೆ ಫ್ರೀ ಅಂತಾರಾ?

ಬಿಜೆಪಿಯವರು ಈ ವಿಷಯಕ್ಕೆ ಸದನದಲ್ಲಿ ಕೂಗಾಡ್ತಾರೆ. ಎಲ್ಲರಿಗೂ ಸೇರಿದ ಕಾಮಗಾರಿಯ ಖರ್ಚಲ್ಲೂ ಒಂದು ಭಾಗವನ್ನ ನಮ್ಮ ಲೆಕ್ಕಕ್ಕೆ ತೋರಿಸೋಕೆ ಬಿಟ್ಟ 7(ಡಿ) ಅನ್ನೋ ಕಳ್ಳಗಂಡಿ ಅವರು ಆಳಿದ ವರ್ಷಗಳಲ್ಲೂ ಹಾಗೇ ಇತ್ತು. ತೆಗೆದಿದ್ದು 2023ರಲ್ಲಿ, ಈ ಸರ್ಕಾರ. ಒಂದು ಗಂಡಿ ಮುಚ್ಚಿ ಇನ್ನೊಂದರಲ್ಲಿ ಕೈ ಹಾಕಿದ್ದೂ ಇದೇ ಸರ್ಕಾರ.

ರಸ್ತೆ ಸುರಕ್ಷತೆ ಬಗ್ಗೆ ಭಾಷಣ ಕೇಳ್ತೀವಿ, ಹೆಲ್ಮೆಟ್ ಹಾಕಿ, ಸಿಗ್ನಲ್ ಪಾಲಿಸಿ ಅಂತ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ 32,825 ಜನ ಬರೀ ನಡ್ಕೊಂಡು ಹೋಗ್ತಿದ್ದವರು. ಕೇಂದ್ರ ಸರ್ಕಾರದ್ದೇ ಲೆಕ್ಕ ಇದು. ನಡೆಯೋರು ಯಾರು? ಬೆಳಕು ಹರಿಯೋ ಮೊದಲೇ ರಸ್ತೆ ಗುಡಿಸೋಕೆ ನಿಲ್ಲೋ ಪೌರಕಾರ್ಮಿಕರು ಯಾರು? ಕಟ್ಟಡದ ಕೆಲಸಕ್ಕೆ ಕ್ಯಾಂಟರಲ್ಲಿ, ಟಾಟಾ ಏಸಲ್ಲಿ ಕುರಿ ತುಂಬಿದ ಹಾಗೆ ನಿಂತ್ಕೊಂಡು ಹೋಗೋರು ಯಾರು? ಸರಕು ಗಾಡಿಯಲ್ಲಿ ಜನ ಸಾಗಿಸಬಾರದು ಅಂತ ಕಾನೂನಿದೆ. ಗಾಡಿ ಪಲ್ಟಿಯಾದ ಮಾರನೇ ದಿನ ಅಧಿಕಾರಿಗಳಿಗೂ ಅದು ನೆನಪಾಗುತ್ತೆ. ಆ ಹೊತ್ತಿಗೆ ಆ ದಾರೀಲಿ ಒಂದು ಬಸ್ ಯಾಕಿರಲಿಲ್ಲ ಅಂತ ಯಾವ ಎಫ್‌ಐಆರೂ ಕೇಳಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು, ಮುಂದಿನ ತಿಂಗಳೇ ಮೆಟ್ರೋ ಗರಿಷ್ಠ ದರ 60ರಿಂದ 90 ಆಯ್ತು. ಗಾರೆ ಕೆಲಸದ ಗಂಡಸಿಗೆ ಶಕ್ತಿಯೂ ಇಲ್ಲ. ಅವನು ಕ್ಯಾಂಟರ್ ಹತ್ತದೆ ಇನ್ನೇನು ಮಾಡ್ತಾನೆ?

ಶಕ್ತಿ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ, ತಿರುಚಬೇಡಿ. ಶಕ್ತಿ ಇರಲಿ, ಪೂರಾ ದುಡ್ಡು ಸಾಮಾನ್ಯ ಬೊಕ್ಕಸದಿಂದ ಬರಲಿ. ಸುರಂಗದಂಥ ಯೋಜನೆಗೆ ಹೊಂದಿಸೋ ಬೊಕ್ಕಸಕ್ಕೆ ಬಸ್ಸಿಗೆ ಹೊಂದಿಸೋಕೆ ಆಗಲ್ವಾ?

ಇಲ್ಲ, ಇದು ಪರಿಶಿಷ್ಟರ ಪಾಲೇ ಅಂತ ಹಟ ಹಿಡಿದ್ರೆ, ಪರಿಶಿಷ್ಟರ ಬಸ್ಸು ಎಲ್ಲಿ ತೋರಿಸಿ. ಎಷ್ಟೋ ಹಳ್ಳಿಗಳಲ್ಲಿ ಬಸ್ಸು ಊರೊಳಗೆ ತಿರುಗಿ ವಾಪಸ್ ಹೋಗುತ್ತೆ, ಕಾಲೋನಿಗೆ ಬರಲ್ಲ. ಬಂಧುಗಳೇ, ಪ್ರತಿ ತಾಲ್ಲೂಕಿನಿಂದ ಒಂದೊಂದು ಮಾಹಿತಿ ಹಕ್ಕು ಅರ್ಜಿ ಹಾಕಿ, ಸಾರಿಗೆ ಇಲಾಖೆಗೂ ಸಮಾಜ ಕಲ್ಯಾಣ ಇಲಾಖೆಗೂ. ಈ ಹಣದಲ್ಲಿ ನಮ್ಮ ತಾಲ್ಲೂಕಿನ ಯಾವ ಕಾಲೋನಿಗೆ ಯಾವ ಹೊಸ ರೂಟ್ ಬಂತು, ದಿನಕ್ಕೆ ಎಷ್ಟು ಟ್ರಿಪ್, ಪ್ರಯಾಣಿಕರ ಜಾತಿಯನ್ನು ಯಾವ ದಾಖಲೆ ನೋಡಿ ಲೆಕ್ಕ ಹಾಕಿದ್ರಿ ಅಂತ ಕೇಳಿ. ಬಂದ ಉತ್ತರದ ಫೋಟೋ ಇಲ್ಲೇ ಹಾಕಿ. ರಾಮಲಿಂಗಾರೆಡ್ಡಿಯವರ ಮುಂದೆ, ಮಹದೇವಪ್ಪನವರ ಮುಂದೆ ಎಲ್ಲಾ ಸೇರಿಸಿ ಇಡೋಣ.

ಜೈಭೀಮ್.