ಡಬ್ಬಿಂಗ್ ಗೇಟಿಗೆ ಬೀಗ: ಸರಿಯೋ, ತಪ್ಪೋ?

ಯಶವಂತಪುರದ ಓದುಗ ಮಿತ್ರರೊಬ್ಬರು ಖಾರವಾಗಿಯೇ ಕೇಳಿದ್ದಾರೆ: "ಡಬ್ಬಿಂಗ್ ಬೇಡ ಅಂದವರು ಕನ್ನಡದ ಪರ ತಾನೇ? ಅವರಿಗೇ ದಂಡ ಹಾಕಿದ್ದು ಯಾವ ಊರ ನ್ಯಾಯ ಸ್ವಾಮಿ?"

ಕೋಪ ಬೇಡ ಗೆಳೆಯರೇ. ಮೊದಲು ಹಳೇ ಕಥೆ ಕೇಳಿ. 1960ರ ದಶಕದಲ್ಲಿ ನಮ್ಮ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದೇ ಮದರಾಸಿನಲ್ಲಿ. ಪರಭಾಷೆಯ ಚಿತ್ರಕ್ಕೆ ಕನ್ನಡ ಮಾತು ಅಂಟಿಸಿ ಕಳಿಸಿದರೆ ಖರ್ಚು ಕಮ್ಮಿ. ಆಗ ನಮ್ಮ ನಟರಿಗೆ, ಲೈಟ್‌ಬಾಯ್‌ಗಳಿಗೆ ಕೆಲಸ ಎಲ್ಲಿ? ಅ.ನ.ಕೃ., ರಾಜಣ್ಣ ಮೊದಲಾದವರು ಎದ್ದು ನಿಂತರು. ಡಬ್ಬಿಂಗ್ ನಿಂತಿತು. ಕಾನೂನಿನಿಂದಲ್ಲ, ಉದ್ಯಮದ ಒಗ್ಗಟ್ಟಿನಿಂದ.

ಆ ಒಗ್ಗಟ್ಟೇ ಮುಂದೆ ಕೇಸಾಯಿತು! 2012ರಲ್ಲಿ ಕನ್ನಡ ಗ್ರಾಹಕರ ಕೂಟದ ದೂರು ಭಾರತ ಸ್ಪರ್ಧಾ ಆಯೋಗಕ್ಕೆ ಹೋಯಿತು. 2015ರ ಜುಲೈನಲ್ಲಿ ತೀರ್ಪು: ಚಲನಚಿತ್ರ ವಾಣಿಜ್ಯ ಮಂಡಳಿಗೆ 16.82 ಲಕ್ಷ ರೂಪಾಯಿ ದಂಡ. ನಿರ್ಮಾಪಕರ ಸಂಘಕ್ಕೂ ಕಿರುತೆರೆಯ ಸಂಘಕ್ಕೂ ಬಿಸಿ ಮುಟ್ಟಿತು.

2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಹೇಳುವುದಿಷ್ಟೆ: ಒಂದೇ ಕಸುಬಿನವರು ಕೂಡಿಕೊಂಡು ಸರಕು ಬಾರದಂತೆ ತಡೆದರೆ, ಸ್ಪರ್ಧೆಗೆ ಪೆಟ್ಟು ಬಿತ್ತು ಎಂದೇ ಮೊದಲು ಭಾವಿಸಬೇಕು. ಆಮೇಲೆ 19ನೇ ಕಲಮಿನ ತಕ್ಕಡಿ: ಹೊಸಬರಿಗೆ ಬಾಗಿಲು ಮುಚ್ಚಿತೇ? ಇದ್ದವರನ್ನು ಓಡಿಸಿತೇ? ಗ್ರಾಹಕನಿಗೆ ಲಾಭವಾಯಿತೇ? ಇಲ್ಲೇ ಸ್ವಾಮಿ, ವಕೀಲರ ಪಕ್ಕದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಬಂದು ಕೂರೋದು.

ಮೇಷ್ಟ್ರ ಮೊದಲ ಪ್ರಶ್ನೆ: "ಮಾರುಕಟ್ಟೆ ಎಲ್ಲಿಂದ ಎಲ್ಲಿವರೆಗೆ?" ಯಲಹಂಕದಲ್ಲಿ ಕನ್ನಡ ಚಿತ್ರದ ಟಿಕೆಟ್ಟು ನೂರಕ್ಕೆ ಹತ್ತು ರೂಪಾಯಿ ಏರಿತು ಅನ್ನಿ. ನೀವು ಹೆಬ್ಬಾಳಕ್ಕೆ ಹೋಗಿ ತೆಲುಗು ಚಿತ್ರ ನೋಡ್ತೀರಾ? ತುಂಬಾ ಜನ ಹೌದು ಅಂದರೆ ಎರಡೂ ಒಂದೇ ಮಾರುಕಟ್ಟೆ. ಊಹೂಂ, ಇಲ್ಲೇ ನೋಡ್ತೀವಿ ಅಂದರೆ ಬೇರೆ ಬೇರೆ.

ಇದೇನು ಬರೀ ಲೆಕ್ಕದ ಆಟ ಅಂದುಕೊಳ್ಳಬೇಡಿ. ಬಂಗಾಳದಲ್ಲಿ ಡಬ್ ಆದ 'ಮಹಾಭಾರತ' ಧಾರಾವಾಹಿಯನ್ನು ಅಲ್ಲಿನ ಕಲಾವಿದರು, ತಂತ್ರಜ್ಞರ ಸಮಿತಿ ತಡೆಯಹೊರಟಿತು. ಮಾರುಕಟ್ಟೆ ಅಂದರೆ ಆ ಒಂದು ಧಾರಾವಾಹಿಯ ಪ್ರಸಾರ ಮಾತ್ರ, ಅದರಲ್ಲಿ ಸಮಿತಿ ವ್ಯಾಪಾರಿಯೇ ಅಲ್ಲ ಅಂತ ಮೇಲ್ಮನವಿ ಮಂಡಳಿ ಅವರನ್ನು ಬಿಟ್ಟುಬಿಟ್ಟಿತು. ಸುಪ್ರೀಂ ಕೋರ್ಟು 2017ರ ಮಾರ್ಚ್‌ನಲ್ಲಿ ಅದನ್ನು ತಳ್ಳಿಹಾಕಿತು. ಬಂಗಾಳದ ಇಡೀ ಸಿನಿಮಾ-ಟಿವಿ ಉದ್ಯಮವೇ ಮಾರುಕಟ್ಟೆ ಅಂದಿತು. ಗೆರೆ ಸರಿಯಿತು, ಗೆದ್ದವರು ಸೋತರು!

ನನ್ನ ಮಾತು ಕೇಳ್ತೀರಾ? ಡಬ್ಬಿಂಗ್ ಬಂದರೆ ನಮ್ಮ ಚಿತ್ರಕ್ಕೆ ಜನ ಬರೋಲ್ಲ ಅಂತ ನಾವೇ ಹೆದರಿದ್ದೆವಲ್ಲ, ಆ ಹೆದರಿಕೆಯೇ ಸಾಕ್ಷಿ. ಎರಡೂ ಒಂದೇ ಪ್ರೇಕ್ಷಕನ ಜೇಬಿಗೆ ಕೈ ಹಾಕುತ್ತವೆ ಅಂತ ನಾವೇ ಒಪ್ಪಿಕೊಂಡ ಹಾಗಾಯಿತು. ಒಬ್ಬ ವಿತರಕ "ನಾನು ಕೊಳ್ಳೋಲ್ಲ" ಅಂದರೆ ಅವನಿಷ್ಟ. ಹತ್ತು ಜನ ಕೂತು "ಯಾರೂ ಕೊಳ್ಳಕೂಡದು" ಅಂದರೆ, ಆರ್.ಟಿ. ನಗರದ ಹುಡುಗ ಏನು ನೋಡಬೇಕು ಅನ್ನೋದನ್ನ ಅವರು ತೀರ್ಮಾನ ಮಾಡಿದ ಹಾಗೆ.

ಹಾಗಂತ ಲೈಟ್‌ಬಾಯ್ ಅನ್ನದ ಪ್ರಶ್ನೆ ಸುಳ್ಳಲ್ಲ. ಮೇಷ್ಟ್ರ ತಕ್ಕಡಿ ಅವನ ಹೊಟ್ಟೆಯನ್ನು ಸರಿಯಾಗಿ ತೂಗೋಲ್ಲ. ಈ ನೋವು ನನಗೂ ಇದೆ. ಆದರೆ ಅದಕ್ಕೆ ಮದ್ದು ಬೀಗವಲ್ಲ. 2017ರಲ್ಲಿ ಅಜಿತ್‌ರ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಆಗಿ ಇಲ್ಲಿಗೆ ಬಂತು, ಪ್ರತಿಭಟನೆಯೂ ಆಯಿತು. ಮರುವರ್ಷವೇ, 2018ರಲ್ಲಿ, ನಮ್ಮ 'ಕೆ.ಜಿ.ಎಫ್' ತೆಲುಗು, ತಮಿಳು, ಮಲಯಾಳ, ಹಿಂದಿಯಲ್ಲಿ ಡಬ್ ಆಗಿ ಹೊರಟಿತು. ಅವರೂ ನಮ್ಮ ಹಾಗೇ ಬೀಗ ಹಾಕಿದ್ದರೆ?

ಯಶವಂತಪುರದ ಮಿತ್ರರೇ, ಕನ್ನಡ ಚಿತ್ರಕ್ಕೆ ಕಾವಲು ಬೇಕು ನಿಜ. ಆ ಕಾವಲುಗಾರ ನೀವು, ಟಿಕೆಟ್ ಕೊಂಡು ಒಳಗೆ ಕೂತವರು. ಗೇಟಿನ ಬೀಗ ಅಲ್ಲ!