ನೇಗಿಲಿಗೆ ಎಂಜಿನ್ ಕಟ್ಟಿದರೆ ಸಾಲದು

“ಎತ್ತು ಬಿಚ್ಚಿದ್ರು, ಎಂಜಿನ್ ಕಟ್ಟಿದ್ರು, ಅಷ್ಟೇ ಮಗಾ.” ಉಳುಮೆಯ ಯಾಂತ್ರೀಕರಣದ ಚರಿತ್ರೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿದವನು ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊದಲ್ಲಿ ಪಕ್ಕದಲ್ಲಿ ನಿಂತಿದ್ದ ತರುಣ. ಊರಲ್ಲಿ ಅವನ ತಂದೆ ಟ್ರ್ಯಾಕ್ಟರ್ ಕೊಳ್ಳುವ ಯೋಚನೆಯಲ್ಲಿದ್ದರಂತೆ. 35 ಎಚ್‌ಪಿ ಸಾಕೋ, 45 ಬೇಕೋ ಎಂದು ಗೆಳೆಯರಿಬ್ಬರ ನಡುವೆ ಚರ್ಚೆ ನಡೆದಿತ್ತು. ರೈಲು ಆಗ ಮಹದೇವಪುರದ ಮೇಲೆ ಹೋಗುತ್ತಿತ್ತು. 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಹುಟ್ಟಿದ ವಿಎಸ್‌ಟಿ ಟಿಲ್ಲರ್ಸ್ ಕಂಪನಿ ಪವರ್ ಟಿಲ್ಲರ್ ಮಾಡಿದ್ದು ಇದೇ ವೈಟ್‌ಫೀಲ್ಡ್ ರಸ್ತೆಯ ಬದಿಯಲ್ಲಿ. ಸಾಫ್ಟ್‌ವೇರ್ ಎಂಬ ಮಾತು ಈ ರಸ್ತೆಗೆ ಬರುವ ಎಷ್ಟೋ ಮೊದಲೇ ಇಲ್ಲಿ ಉಳುವ ಯಂತ್ರ ಸಿದ್ಧವಾಗುತ್ತಿತ್ತು. ಅದರ ಮೇಲೆಯೇ ಹಾದುಹೋಗುತ್ತ ಆಡಿದ ಆ ಮಾತು ಒಂದು ವಾರದಿಂದ ನನ್ನನ್ನು ಬಿಟ್ಟಿಲ್ಲ.

ಎಚ್‌ಪಿಯಲ್ಲೇ ಎಲ್ಲವನ್ನೂ ಅಳೆಯುವ ಚಟ ನನಗೆ ಸಹಿಸಲಾಗದ್ದು. ಷೋರೂಮಿನಲ್ಲಿ ಮೊದಲ ಪ್ರಶ್ನೆ ಅದೇ, ಬ್ಯಾಂಕಿನ ಸಾಲದ ಅರ್ಜಿಯಲ್ಲೂ ಅದೇ, ಕೃಷಿಮೇಳದಲ್ಲಿ ಯಂತ್ರದ ಮುಂದೆ ನಿಲ್ಲಿಸಿದ ಫಲಕದಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರವೂ ಅದರದೇ. ಎಂಜಿನ್ ಎಷ್ಟು ಬಲ ಹುಟ್ಟಿಸುತ್ತದೆ ಎಂಬುದು ಅರ್ಧ ಮಾತು. ಆ ಬಲ ಯಾವ ಬಿಂದುವಿನಲ್ಲಿ, ಯಾವ ಕೋನದಲ್ಲಿ ಮಣ್ಣಿಗೆ ತಲುಪುತ್ತದೆ ಎಂಬುದರಲ್ಲಿ ಉಳಿದರ್ಧವಿದೆ. ಮೊದಲ ಮೋಟಾರು ನೇಗಿಲುಗಳು ಸೋತದ್ದು ಎಂಜಿನ್ ಸಾಲದೆ ಅಲ್ಲ, ಈ ಉಳಿದರ್ಧ ತಿಳಿಯದೆ.

ಎಳೆತದ ಗೆರೆ, ಅಂದರೆ ಎಳೆಯುವ ಬಲ ಸಾಗುವ ದಾರಿ, ಈ ಅಂಕಣದ ಓದುಗರಿಗೆ ಹೊಸದಲ್ಲ. ಕೂರಿಗೆಯ ಬಗ್ಗೆ ಬರೆದಾಗಲೂ ಬಂಡಿಯ ನೊಗದ ಬಗ್ಗೆ ಬರೆದಾಗಲೂ ಅದರ ಹಿಂದೆ ಬಿದ್ದಿದ್ದೆ. ಈ ಸಲವೂ ಬೀಳುತ್ತೇನೆ. ನಮ್ಮ ಮರದ ನೇಗಿಲನ್ನೇ ನೋಡಿ. ಗುಳ ಮಣ್ಣಿನೊಳಗೆ, ನೊಗ ಎತ್ತಿನ ಹೆಗಲ ಮೇಲೆ, ನಡುವೆ ಉದ್ದನೆಯ ಈಸು. ಎಳೆತ ನೆಲಕ್ಕೆ ಸಮನಾಗಿ ಹೋಗುವುದಿಲ್ಲ, ಓರೆಯಾಗಿ ಮೇಲೇರುತ್ತದೆ. ಹಾಗಾಗಿ ಎತ್ತು ಎಳೆದಷ್ಟೂ ನೇಗಿಲನ್ನು ಮುಂದಕ್ಕೆ ಒಯ್ಯುವ ಜೊತೆಗೆ ಕೊಂಚ ಮೇಲಕ್ಕೂ ಎತ್ತುತ್ತದೆ. ನೊಗದ ಹಗ್ಗವನ್ನು ಈಸಿನಲ್ಲಿ ಕೊರೆದ ಕಚ್ಚುಗಳಲ್ಲಿ ತುದಿಯದಕ್ಕೆ ಕಟ್ಟಿದರೆ ಗುಳ ಆಳಕ್ಕಿಳಿಯುತ್ತದೆ. ಒಂದು ಕಚ್ಚು ಹಿಂದಕ್ಕೆ, ನೇಗಿಲಿನ ಕಡೆಗೆ ಸರಿಸಿದರೆ ಈಸು ಕಡಿದಾಗಿ ನಿಂತು ಗುಳದ ಮೊನೆ ಮೇಲೇಳುತ್ತದೆ, ಸಾಲು ತೇಲುತ್ತದೆ. ಮುಂಗಾರಿನ ಮೊದಲ ಹದಕ್ಕೆ ಒಂದು ಕಚ್ಚು, ಎರಡನೆಯ ಉಕ್ಕೆಗೆ ಇನ್ನೊಂದು. ಎತ್ತುಗಳ ಜೋಡಿ ದಿನವಿಡೀ ಎಳೆಯಬಲ್ಲ ಬಲ ಅವುಗಳ ತೂಕದ ಹತ್ತರಲ್ಲೊಂದು ಪಾಲು ಎಂಬುದು ಹಳೆಯ ಅಂದಾಜು. ಹಳ್ಳಿಕಾರ್ ಜೋಡಿಗೆ ಅದು 70 ಕಿಲೋ ಆಸುಪಾಸು. ಅಷ್ಟೇ ಬಲವನ್ನು ಆಳಕ್ಕೆ ತಕ್ಕಂತೆ ಹಂಚುವ ಸಾಧನ ಆ ಕಚ್ಚುಗಳು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಬೇಸಾಯದ ಉಪಕರಣಗಳನ್ನು ಚಿತ್ರ ಸಮೇತ ದಾಖಲಿಸಿದ. ಇಂದಿನ ಎಷ್ಟೋ ಸಂಗ್ರಹಾಲಯಗಳಲ್ಲಿ ನೇಗಿಲಿನ ಕೆಳಗೆ “ಮರ” ಎಂದಷ್ಟೇ ಬರೆದಿರುತ್ತಾರೆ. ಕಚ್ಚುಗಳ ಸುದ್ದಿಯೇ ಇರುವುದಿಲ್ಲ.

ಕಬ್ಬಿಣದ ನೇಗಿಲು ಬಂದಾಗಲೂ ತೊಡಕಾದದ್ದು ಬಲದ ವಿಷಯದಲ್ಲಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಅಲ್ಲಿಂದ ನೇಗಿಲಿನ ತಯಾರಿಕೆಗೆ ಬಂದವರು. ಕಬ್ಬಿಣ ಸೋಕಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ಹಿಂಜರಿದರಂತೆ. ಕಿರ್ಲೋಸ್ಕರರ ಕಥೆ ತಿಳಿದದ್ದೇ, ಮುಂದೆ ಹೋಗೋಣ.

ಎಂಜಿನ್ ಬಂದಾಗ ಈಸಿನ ಕಚ್ಚುಗಳ ಜ್ಞಾನ ಕೈಬಿಟ್ಟುಹೋಯಿತು. ಹೆನ್ರಿ ಫೋರ್ಡ್ 1917ರಲ್ಲಿ ಹೊರತಂದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗವಾಗಿತ್ತು, ಹಗುರವಾಗಿತ್ತು. ಆದರೆ ನೇಗಿಲನ್ನು ಅದರ ಹಿಂದೆ ಬಂಡಿ ಕಟ್ಟಿದ ಹಾಗೆ ಕಟ್ಟಿದ್ದರು. ಗುಳ ಬಂಡೆಗೋ ಬೇರಿಗೋ ಸಿಕ್ಕಿ ನಿಂತರೆ ಹಿಂದಿನ ಚಕ್ರಗಳೂ ನಿಲ್ಲುತ್ತಿದ್ದವು. ಎಂಜಿನ್ ಮಾತ್ರ ತಿರುಗಬೇಕು. ಚಕ್ರ ತಿರುಗದಿದ್ದರೆ ಟ್ರ್ಯಾಕ್ಟರಿನ ಮೈಯೇ ಹಿಂದಿನ ಅಚ್ಚಿನ ಸುತ್ತ ತಿರುಗುತ್ತದೆ. ಮೂತಿ ಮೇಲೆದ್ದು, ಓಡಿಸುವವನ ಮೇಲೆ ಮಗುಚುತ್ತದೆ. ಸತ್ತವರು ಅನೇಕರು.

ಈ ಗಂಟನ್ನು ಬಿಡಿಸಿದವನು ಬೆಲ್‌ಫಾಸ್ಟಿನ ಹ್ಯಾರಿ ಫರ್ಗ್ಯುಸನ್. ಮೊದಲ ಮಹಾಯುದ್ಧದ ಹೊತ್ತಿಗೆ ಐರ್ಲೆಂಡಿನ ಸರ್ಕಾರಿ ಟ್ರ್ಯಾಕ್ಟರುಗಳ ಉಸ್ತುವಾರಿ ನೋಡಿಕೊಂಡಿದ್ದ ಅವನು, ರೈತರು ಯಂತ್ರದೊಡನೆ ಗುದ್ದಾಡುವುದನ್ನು ಹೊಲದಲ್ಲೇ ಕಂಡಿದ್ದ. ವಿಲಿ ಸ್ಯಾಂಡ್ಸ್ ಎಂಬ ಮೆಕ್ಯಾನಿಕ್ ಜೊತೆ ಸೇರಿ ವರ್ಷಗಟ್ಟಲೆ ದುಡಿದು ಅವನು ಕಂಡುಕೊಂಡದ್ದು ಇಷ್ಟು: ನೇಗಿಲನ್ನು ಎಳೆಯಬಾರದು, ಟ್ರ್ಯಾಕ್ಟರಿನ ಅಂಗವಾಗಿಸಬೇಕು. ಕೆಳಗೆ ಎರಡು ಕೊಂಡಿ, ಮೇಲೆ ಒಂದು. ಕೆಳಗಿನವು ಎಳೆಯುತ್ತವೆ. ಮಣ್ಣು ಗುಳವನ್ನು ಹಿಂದಕ್ಕೆ ತಳ್ಳಿದಾಗ ನೇಗಿಲಿನ ತಲೆ ಮುಂದಕ್ಕೆ ಬಾಗಿ ಮೇಲಿನ ಕೊಂಡಿಯನ್ನು ಒತ್ತುತ್ತದೆ. ಆ ಒತ್ತಡ ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ. ಯಾವ ಬಲ ಯಂತ್ರವನ್ನು ಮಗುಚುತ್ತಿತ್ತೋ ಅದೇ ಬಲ ಅದನ್ನು ನೆಲಕ್ಕೆ ಹಿಡಿಯಿತು! ಇನ್ನೂ ಮುಂದೆ ಹೋಗಿ, ಮೇಲಿನ ಕೊಂಡಿಯ ಒತ್ತಡದಿಂದಲೇ ಹೈಡ್ರಾಲಿಕ್ ವಾಲ್ವು ತೆರೆದು ಮುಚ್ಚುವಂತೆ ಮಾಡಿದ. ಮಣ್ಣು ಗಡುಸಾದರೆ ನೇಗಿಲು ತಾನೇ ಮೇಲೇಳುತ್ತದೆ, ಸಡಿಲಾದರೆ ತಾನೇ ಇಳಿಯುತ್ತದೆ. ಗುಳ ಬಂಡೆಗೆ ಬಡಿದರೆ ಹಿಂದಿನ ಚಕ್ರದ ಮೇಲಿನ ಭಾರ ಕಳೆದು ಚಕ್ರ ಜಾರಿ ತಿರುಗುತ್ತದೆ, ಟ್ರ್ಯಾಕ್ಟರ್ ಮಗುಚುವುದಿಲ್ಲ. ಆಳವನ್ನು ತಾನೇ ಹೊಂದಿಸಿಕೊಳ್ಳುವ ಈ ಏರ್ಪಾಟಿಗೆ 1926ರಲ್ಲಿ ಪೇಟೆಂಟ್ ಸಿಕ್ಕಿತು. 1938ರಲ್ಲಿ ಫೋರ್ಡ್ ಮತ್ತು ಫರ್ಗ್ಯುಸನ್ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಬಂದ ಫೋರ್ಡ್ 9ಎನ್ ಸುಮಾರು ಒಂದು ಟನ್ ತೂಗುತ್ತಿತ್ತು. ತನಗಿಂತ ಭಾರದ ಯಂತ್ರಗಳ ಕೆಲಸವನ್ನು ಅದು ಮಾಡಿತು. ಭಾರವನ್ನು ಲೋಹದಲ್ಲಿ ಹೊತ್ತು ತಿರುಗುವ ಬದಲು ಮಣ್ಣಿನಿಂದಲೇ ಎರವಲು ಪಡೆದದ್ದು ಅದರ ಗುಟ್ಟು.

ಇಂದು ದೊಡ್ಡಬಳ್ಳಾಪುರದಲ್ಲಿ ಟ್ರ್ಯಾಕ್ಟರ್ ಮಾಡುವ ಟಾಫೆ ಕಂಪನಿ 1960ರಲ್ಲಿ ಮ್ಯಾಸ್ಸಿ ಫರ್ಗ್ಯುಸನ್ ಸಹಯೋಗದಲ್ಲೇ ಹುಟ್ಟಿದ್ದು. ನಮ್ಮ ಹಳ್ಳಿಗಳಲ್ಲಿ ಓಡುವ ಟ್ರ್ಯಾಕ್ಟರಿನ ಹಿಂಬದಿ ನೋಡಿ, ಅದೇ ಮೂರು ಕೊಂಡಿ. ಈಸಿನ ಕಚ್ಚುಗಳು ಮಾಡುತ್ತಿದ್ದ ಕೆಲಸವನ್ನು ಅವು ಮಾಡುತ್ತಿವೆ, ಸಾಲು ಸಾಗುತ್ತಿರುವಾಗಲೇ, ಕ್ಷಣ ಕ್ಷಣಕ್ಕೂ.

ಇಲ್ಲಿಗೇ ಮುಗಿಸುವವನಿದ್ದೆ. ಆದರೆ ಇದು ಮಹದೇವಪುರದಲ್ಲಿ ತಯಾರಾದ ಯಂತ್ರದ ಕಥೆಯಲ್ಲ. ಹಿಡಿ ಹಿಡಿದು ಹಿಂದೆ ನಡೆಯುವ ಪವರ್ ಟಿಲ್ಲರಿಗೆ ಮೂರು ಕೊಂಡಿ ಇಲ್ಲ, ಮೇಲಿನ ಕೊಂಡಿಯ ಒತ್ತಡವೂ ಇಲ್ಲ. ಎಳೆತ ಯಾವ ಬಿಂದುವಿನಲ್ಲಿ ಎಂದು ನಾನು ಕೇಳುತ್ತ ಬಂದೆ. ಟಿಲ್ಲರನ್ನು ರೂಪಿಸಿದವರು ಎಳೆಯಲೇಬೇಕೇ ಎಂದು ಕೇಳಿದ್ದರು.

ಕೆಸರುಗದ್ದೆಯಲ್ಲಿ ಚಕ್ರಕ್ಕೆ ಹಿಡಿತವಿಲ್ಲ. ಎಂಜಿನ್ನಿನ ಬಲ ಚಕ್ರಕ್ಕೆ ಹೋಗಿ, ಚಕ್ರ ನೆಲವನ್ನು ತಳ್ಳಿ, ಆಮೇಲೆ ನೇಗಿಲನ್ನು ಎಳೆಯುವ ಈ ಬಳಸುದಾರಿಯಲ್ಲಿ ಬಹುಪಾಲು ಜಾರಿಕೆಯಲ್ಲೇ ಕಳೆದುಹೋಗುತ್ತದೆ. ಬಲವನ್ನು ನೇರ ಮಣ್ಣಿಗೇ ಒಯ್ದರೆ? ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಕಾನ್ರಾಡ್ ಫೊನ್ ಮಾಯನ್‌ಬುರ್ಗ್ 1910ರ ಸುಮಾರಿಗೆ ತಿರುಗುವ ಅಚ್ಚಿಗೆ ಸ್ಪ್ರಿಂಗಿನ ಹಲ್ಲುಗಳನ್ನು ಕೂರಿಸಿದ. ಕಲ್ಲು ತಾಗಿದರೆ ಹಲ್ಲು ಮಣಿದು ಮುಂದೆ ಹೋಗುತ್ತಿತ್ತು. ಆಸ್ಟ್ರೇಲಿಯಾದ ಗಿಲ್ಗಾಂಡ್ರದಲ್ಲಿ 1912ರಲ್ಲಿ ಆರ್ಥರ್ ಕ್ಲಿಫರ್ಡ್ ಹೊವರ್ಡ್ ತಂದೆಯ ಹೊಲದಲ್ಲಿ ಪ್ರಯೋಗ ಶುರುಮಾಡಿದ. ಅವನ ಯಂತ್ರ ಮೊದಮೊದಲು ಮಣ್ಣನ್ನು ಪಕ್ಕಕ್ಕೆ ಎರಚುತ್ತಿತ್ತು. ಬ್ಲೇಡನ್ನು ಎಲ್ ಆಕಾರಕ್ಕೆ ಬಗ್ಗಿಸಿದ ಮೇಲೆ ಆ ತೊಂದರೆ ತೀರಿತು. ಟ್ರ್ಯಾಕ್ಟರಿನ ಹಿಂದೆ ಕಾಣುವ ರೋಟವೇಟರ್ ಅವನ ಸಂತಾನ.

ಯುರೋಪಿನ ಇಂಥ ಯಂತ್ರಗಳು 1920ರ ದಶಕದಲ್ಲಿ ಜಪಾನಿಗೆ ಹೋದವು. ಒಕಾಯಾಮಾ ಬಳಿ ಸಮುದ್ರದಿಂದ ಮರಳಿ ಪಡೆದ ಕೊಜಿಮಾ ಕೊಲ್ಲಿಯ ಗದ್ದೆಗಳಲ್ಲಿ ಅಲ್ಲಿನ ಕಮ್ಮಾರರೂ ರೈತರೂ ಅವನ್ನು ಬಿಚ್ಚಿ ಮತ್ತೆ ಕಟ್ಟಿದರು. ಗದ್ದೆಯಲ್ಲಿ ಕೊಯ್ದು ಉಳಿದ ಕೂಳೆ, ಹುಲ್ಲು ಕದಿರಿಗೆ ನೂಲು ಸುತ್ತಿದ ಹಾಗೆ ಅಚ್ಚಿಗೆ ಸುತ್ತಿಕೊಳ್ಳುತ್ತಿತ್ತು. ಜಪಾನಿಯರ ಉತ್ತರ ಬ್ಲೇಡಿನ ಬಾಗಿನಲ್ಲಿದೆ. ಅಂಚನ್ನು ಬುಡದಿಂದ ತುದಿಯವರೆಗೆ ಹಿಂದಕ್ಕೆ ಬಾಗಿಸಿದರೆ ಹುಲ್ಲು ಅಂಚಿನ ಗುಂಟ ಜಾರಿ ತುದಿಯಿಂದ ಕಳಚಿಕೊಳ್ಳುತ್ತದೆ. ನಮ್ಮ ಟಿಲ್ಲರಿನ ಸಿ ಆಕಾರದ ಬ್ಲೇಡು ಬಂದದ್ದು ಅಲ್ಲಿಂದ. ಬ್ಲೇಡುಗಳನ್ನು ಅಚ್ಚಿನ ಸುತ್ತ ಸುರುಳಿಯಾಗಿ ಕೂರಿಸುವುದಕ್ಕೂ ಕಾರಣವಿದೆ: ಎಲ್ಲವೂ ಒಟ್ಟಿಗೆ ಮಣ್ಣಿಗೆ ಬಿದ್ದರೆ ಗೇರ್ ಪೆಟ್ಟಿಗೆಗೆ ಏಟು, ಒಂದಾದ ಮೇಲೊಂದು ಬಿದ್ದರೆ ಭಾರ ಸಮ. ಗಂಟೆಗೆ ಒಂದೂವರೆ ಕಿಲೋಮೀಟರ್ ನಡಿಗೆ, ನಿಮಿಷಕ್ಕೆ 250 ಸುತ್ತು ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಯಂತ್ರ 10 ಸೆಂಟಿಮೀಟರ್ ಸಾಗುತ್ತದೆ. ಒಂದೇ ಸಾಲಿನಲ್ಲಿ ಎರಡು ಬ್ಲೇಡಿದ್ದರೆ ಪ್ರತಿಯೊಂದೂ 5 ಸೆಂಟಿಮೀಟರ್ ಮಣ್ಣು ಕಚ್ಚುತ್ತದೆ. ಹೆಂಟೆಯ ಗಾತ್ರ ತೀರ್ಮಾನವಾಗುವುದು ಈ ಲೆಕ್ಕದಿಂದ. ಪೀಣ್ಯದ ಶೆಡ್ಡುಗಳಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವವರನ್ನು ಕೇಳಿದರೆ ಇನ್ನೊಂದು ಮಾತು ಸೇರಿಸುತ್ತಾರೆ: ಅಂಚು ಗಟ್ಟಿಯಿರಬೇಕು, ಬುಡ ಮಾತ್ರ ಮುರಿಯದೆ ಮಣಿಯುವಂತಿರಬೇಕು, ನಮ್ಮ ಕೆಂಪು ಮಣ್ಣಿನ ಮರಳು ಬ್ಲೇಡನ್ನು ಬೇಗ ತಿಂದುಹಾಕುತ್ತದೆ.

ಬ್ಲೇಡು ಚಕ್ರ ತಿರುಗುವ ದಿಕ್ಕಿಗೇ ತಿರುಗುವುದರಿಂದ ಮಣ್ಣನ್ನು ಹಿಂದಕ್ಕೆ ತಳ್ಳಿ ಯಂತ್ರವನ್ನು ಮುಂದಕ್ಕೆ ನೂಕುತ್ತದೆ. ಉಳುವ ಸಾಧನ ಎಳೆಯುವವನಿಗೆ ಹೊರೆಯಾಗದೆ ಅವನನ್ನೇ ತಳ್ಳುತ್ತ ಹೋದದ್ದು ಬೇಸಾಯದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಹಾಗಾಗಿಯೇ ಸುಮಾರು 400 ಕಿಲೋ ತೂಗುವ, 13 ಎಚ್‌ಪಿಯ ಯಂತ್ರ ದೊಡ್ಡ ಟ್ರ್ಯಾಕ್ಟರು ಹೂತುಹೋಗುವ ಗದ್ದೆಯಲ್ಲಿ ಓಡಾಡಬಲ್ಲದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದೇ ಆಳದಲ್ಲಿ ಮತ್ತೆ ಮತ್ತೆ ತಿರುಗುವ ಬ್ಲೇಡು ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಭತ್ತಕ್ಕೆ ಅದು ಬೇಕು, ನೀರು ನಿಲ್ಲುತ್ತದೆ. ರಾಗಿ ಹೊಲಕ್ಕೆ ಬೇಡ, ಬೇರೂ ಇಳಿಯದು, ಮಳೆಯೂ ಇಳಿಯದು. ಕೊಜಿಮಾದ ಗದ್ದೆಗೆ ಹುಟ್ಟಿದ ಬ್ಲೇಡನ್ನು ಮಾಲೂರಿನ ರಾಗಿ ಹೊಲದಲ್ಲಿ ವರ್ಷ ವರ್ಷ ಓಡಿಸುವವರು ನಡುನಡುವೆ ನೇಗಿಲನ್ನೂ ಇಳಿಸಬೇಕು.

ಇನ್ನು ಹಿಡಿದು ನಡೆಯುವವನ ಮಾತು. 15 ಸೆಂಟಿಮೀಟರ್ ಅಂತರದ ಸಾಲು ಹೊಡೆಯುತ್ತ ಒಂದು ಎಕರೆ ಉಳಲು ಎತ್ತಿನ ಹಿಂದೆ ಸುಮಾರು 27 ಕಿಲೋಮೀಟರ್ ನಡೆಯಬೇಕು. 60 ಸೆಂಟಿಮೀಟರ್ ಅಗಲದ ಟಿಲ್ಲರಿಗೆ ಅದು 7 ಕಿಲೋಮೀಟರಿನೊಳಗೆ ಇಳಿಯಿತು. ಎರಡು ಮೂರು ಸಲ ಕಲಸಿದರೂ ನಡಿಗೆ ಕಡಿಮೆಯೇ. ಆದರೆ ಕಾಲಿಗೆ ಕೊಟ್ಟ ಬಿಡುವನ್ನು ಯಂತ್ರ ಕೈಯಿಂದ ವಸೂಲು ಮಾಡಿತು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿ ಸೆಕೆಂಡಿಗೆ 16-17 ಸಲ ಸಿಡಿಯುತ್ತದೆ, ಪಿಸ್ಟನ್ನಿನ ಕುಲುಕಾಟ ಅದರ ಎರಡರಷ್ಟು. ಅದಷ್ಟೂ ಉದ್ದನೆಯ ಹಿಡಿಗಳ ಗುಂಟ ಅಂಗೈಗೆ, ಮೊಣಕೈಗೆ, ಹೆಗಲಿಗೆ ಏರುತ್ತದೆ. ಸಂಜೆ ಮನೆಗೆ ಬಂದವನ ಬೆರಳು ಜೋಮು ಹಿಡಿದು ಲೋಟ ಹಿಡಿಯಲಾಗದ್ದನ್ನು ಟಿಲ್ಲರ್ ಇರುವ ಮನೆಯವರೆಲ್ಲ ಬಲ್ಲರು. ಖರಗ್‌ಪುರದ ಐಐಟಿಯ ಕೃಷಿ ಎಂಜಿನಿಯರುಗಳು ಈ ನಡುಕವನ್ನು ಅಳೆದು, ಕಂಪನ ತಡೆಯುವ ಜೋಡಣೆಗಳಿಂದ ಕೆಲಸದ ದಣಿವು ತಗ್ಗುತ್ತದೆಂದು ತೋರಿಸಿದ್ದಾರೆ. ಬ್ಲೇಡಿನ ಬಾಗಿಗೆ ಸಿಕ್ಕ ಗಮನದ ಕಾಲು ಭಾಗವೂ ಹಿಡಿಗೆ ಸಿಕ್ಕಿಲ್ಲ.

ತಿರುವಿನ ಕ್ಲಚ್ಚಿನ ವಿಷಯ ಇನ್ನೂ ಗಂಭೀರ. ಬಲಗೈ ಕ್ಲಚ್ ಒತ್ತಿದರೆ ಬಲ ಚಕ್ರಕ್ಕೆ ಬಲ ತಪ್ಪಿ ಯಂತ್ರ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇದು ಉಲ್ಟಾ. ಅಲ್ಲಿ ಎಂಜಿನ್ ಚಕ್ರವನ್ನು ತಳ್ಳುತ್ತಿರುವುದಿಲ್ಲ, ತಡೆಯುತ್ತಿರುತ್ತದೆ. ಕ್ಲಚ್ ಒತ್ತಿದ ಬಲ ಚಕ್ರ ತಡೆಯಿಲ್ಲದೆ ಮುಂದೋಡಿ ಯಂತ್ರ ಎಡಕ್ಕೆ ಹೊರಳುತ್ತದೆ. ಮಲೆನಾಡಿನ ಮೆಟ್ಟಿಲು ಗದ್ದೆಯಿಂದ ಗದ್ದೆಗೆ ಇಳಿಸುವಾಗ ಹೊಸಬರು ಬೀಳುವುದು ಹೀಗೆ. “ಇಳಿಜಾರಲ್ಲಿ ಕ್ಲಚ್ ಮುಟ್ಟಬೇಡ, ಹಿಡಿಯಲ್ಲೇ ತಿರುಗಿಸು” ಎಂದು ಹಳಬರು ಹೇಳಿಕೊಡುತ್ತಾರೆ. ಹೇಳಿಕೊಡುವ ಹಿರಿಯರಿಲ್ಲದ ಮನೆಗಳೇ ಈಗ ಹೆಚ್ಚು. ಬಾಡಿಗೆಗೆ ತಂದ ಟಿಲ್ಲರನ್ನು ಹಿಡಿಯುವವರು ದಿನಗೂಲಿಯವರು, ಊರಲ್ಲೇ ಉಳಿದ ಹೆಂಗಸರು. ಒಂದು ಡಿಫರೆನ್ಷಿಯಲ್, ಎರಡು ಚಕ್ರಕ್ಕೆ ಬೇರೆ ಬೇರೆ ಬ್ರೇಕು, ಇಷ್ಟಿದ್ದರೆ ಏರಿನಲ್ಲೂ ಇಳಿಜಾರಿನಲ್ಲೂ ಹಿಡಿ ಒಂದೇ ಮಾತು ಕೇಳುತ್ತದೆ. ತೂಕ ಕೊಂಚ ಏರುತ್ತದೆ, ಬೆಲೆಯೂ ಏರುತ್ತದೆ. ಆ ಹೆಚ್ಚುವರಿ ಬೆಲೆಗೇ ಸಬ್ಸಿಡಿ ಕೊಡಬಹುದು, ಎಚ್‌ಪಿಗೆ ಕೊಡುವುದರ ಬದಲು.